ಮಗ್ಗುಲ ಜಿನ್ನು

ಹತ್ತಿ ಹಾಕುವ ಕೈ ಎಂದರೆ ಸುಗ್ರಾ ಬೇಗಂದು ಎಂದು ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಆ ಸುಗ್ರಾ ಬೇಗಂ ನಾನೇ. ಜಂಬ ಎನ್ನುವವರು ಎನ್ನಲಿ. ಮೈಮೇಲೆ ಹೇಳಿಕೊಳ್ಳುವಷ್ಟು ಬಂಗಾರ ಇಲ್ಲದವಳು ತನ್ನ ಕೈಗಳ ಬಗ್ಗೆಯಾದರೂ ಜಂಬಪಡಬಾರದೇ?

ಮಾನ್ವಿಯಿಂದ ಮದುವೆಯಾಗಿ ಈ ಊರಿಗೆ ಬಂದ ಮರುವರ್ಷವೇ ನಾನು ಆ ಜಿನ್ನಿಂಗ್ ಮಿಲ್ಲಿಗೆ ಸೇರಿದ್ದೆ. ಜಿನ್ನು ಎಂದರೆ ಹತ್ತಿಯಿಂದ ಕಾಳು ಬಿಡಿಸುವ ಯಂತ್ರ. ಅದರೊಳಗೆ ತೊಗಲು ಸುತ್ತಿದ ಉರುಳೆ, ಉರುಳೆಗೆ ಒತ್ತಿಕೊಂಡು ಒಂದು ಕಬ್ಬಿಣದ ಪಟ್ಟಿ. ನಾವು ಹೆಣ್ಣಾಳುಗಳು ಎದುರಿಗೆ ನಿಂತು ಹಿಡಿಹಿಡಿಯಾಗಿ ಹತ್ತಿ ಉಣಿಸಬೇಕು. ಅರಳೆ ಆಚೆ ಬೀಳುತ್ತದೆ, ಕಾಳು ಕೆಳಗೆ ಉದುರುತ್ತದೆ. ಹೆಚ್ಚು ಹಾಕಿದರೆ ಗಂಟು ಕಟ್ಟುತ್ತದೆ. ಹಾಕುವುದನ್ನು ಬಿಟ್ಟರೆ ಉರುಳೆ ಬರಿದೇ ಪಟ್ಟಿಗೆ ಉಜ್ಜಿ ಕಾಯುತ್ತದೆ, ತೊಗಲು ಸುಟ್ಟ ವಾಸನೆ ಏಳುತ್ತದೆ. ಸುತ್ತಲೂ ಮೊಣಕಾಲುದ್ದ ಅರಳೆ ಬಿದ್ದಿರುವ ಜಾಗದಲ್ಲಿ ಬೆಂಕಿಗೆ ಅಷ್ಟೇ ಸಾಕು. ಆದ್ದರಿಂದ ಜಿನ್ನು ಬಿಟ್ಟು ಹೋಗುವವರು ಪಕ್ಕದ ಕಟ್ಟಿಗೆಯ ಹಿಡಿಕೆ ಎಳೆದು ಅದನ್ನು ನಿಲ್ಲಿಸಿಯೇ ಹೋಗಬೇಕು. ಅದು ಮಿಲ್ಲಿನ ನಿಯಮ.

ಆ ನಿಯಮವನ್ನು ನಾವು ಯಾರೂ ಪಾಲಿಸುತ್ತಿರಲಿಲ್ಲ. ಹಾಗೆ ನಿಲ್ಲಿಸಿದರೆ ನಮ್ಮ ಮೇಲುಸ್ತುವಾರಿಯ ಮುಕಾದಮ ಹುಸೇನಪ್ಪ ಓಡಿಬಂದು ಯಾಕೆ ನಿಲ್ಲಿಸಿದೆ ಎಂದು ಕಿರುಚುತ್ತಿದ್ದ. ಅದಕ್ಕೇ ನಮ್ಮದೇ ಒಂದು ರೂಢಿ ಇತ್ತು. ಹೋಗಬೇಕಾದವಳು ಪಕ್ಕದವಳಿಗೆ ‘ಮಗ್ಗುಲ ನೋಡಬೇ’ ಎಂದು ಹೇಳಿ ಹೋಗುತ್ತಿದ್ದಳು. ನೀರಿಗೋ, ಹೊರಕಡೆಗೋ, ಕೂಸಿಗೆ ಮೊಲೆ ಕೊಡುವುದಕ್ಕೋ. ಅವಳು ಬರುವವರೆಗೆ ಪಕ್ಕದವಳು ಬಲಗೈಯಲ್ಲಿ ತನ್ನ ಜಿನ್ನಿಗೆ, ಎಡಗೈಯಲ್ಲಿ ಮಗ್ಗುಲ ಜಿನ್ನಿಗೆ ಹತ್ತಿ ಹಾಕುತ್ತಿದ್ದಳು. ಎರಡು ಕೈ ಎರಡು ಕಡೆ, ಕಣ್ಣು ಎರಡರ ಮೇಲೂ. ಬಂದವಳು ‘ಸರಿಬೇ’ ಎಂದು ಮೊಣಕೈಯಿಂದ ತಳ್ಳಿದರೆ ಮುಗಿಯಿತು. ಯಾರೂ ಯಾರಿಗೂ ಉಪಕಾರ ಅನ್ನುತ್ತಿರಲಿಲ್ಲ.

ನನ್ನ ಮಗ್ಗುಲಿಗೆ ಅಮರಮ್ಮ ಇದ್ದಳು. ಕಲ್ಮಲ ಊರಿನ ಹೆಣ್ಣು. ಮಾತು ಕಡಿಮೆ, ನಗು ಇನ್ನೂ ಕಡಿಮೆ. ನನ್ನ ಮಗಳು ವಾಹಿದಾ ಹಾಲು ಕುಡಿಯುವ ಕೂಸಾಗಿದ್ದಾಗ ಮಿಲ್ಲಿನ ಅಂಗಳದ ಬೇವಿನ ಗಿಡಕ್ಕೆ ಸೀರೆಯ ಜೋಳಿಗೆ ಕಟ್ಟಿ ಮಲಗಿಸುತ್ತಿದ್ದೆ. ಅದು ಅತ್ತಾಗಲೆಲ್ಲ ನಾನು ಓಡುತ್ತಿದ್ದೆ, ಅಮರಮ್ಮ ನನ್ನ ಜಿನ್ನು ಕಾಯುತ್ತಿದ್ದಳು. ನಾನು ಹೇಳುತ್ತಿರುವ ವರ್ಷಕ್ಕೆ ವಾಹಿದಾ ಜಡೆ ಹಾಕಿಕೊಂಡು ಶಾಲೆಗೆ ಹೋಗುವಷ್ಟು ಬೆಳೆದಿದ್ದಳು. ಎಷ್ಟೋ ವರ್ಷ ಮಕ್ಕಳಾಗದೆ ಊರವರ ಮಾತು ಕೇಳಿಕೊಂಡಿದ್ದ ಅಮರಮ್ಮನಿಗೆ ಆ ವರ್ಷ ಹೆಣ್ಣುಕೂಸು ಹುಟ್ಟಿತು. ಅದೇ ಗಿಡಕ್ಕೆ ಅವಳ ಜೋಳಿಗೆ ಬಂತು. ಈಗ ಅವಳು ಓಡುತ್ತಿದ್ದಳು, ನನ್ನ ಎಡಗೈ ಅವಳ ಜಿನ್ನಿಗೆ ಹೋಗುತ್ತಿತ್ತು.

ಅದು ಎಂಬತ್ಮೂರನೆಯ ಇಸವಿಯ ಸುಗ್ಗಿ. ಹತ್ತಿ ಬಂಡಿಗಳು ಗೇಟಿನಿಂದ ರಸ್ತೆಯವರೆಗೆ ಸಾಲುಗಟ್ಟಿದ್ದವು. ನನ್ನ ಗಂಡ ಅಲ್ಲಾಬಕ್ಷ್ ಬಳೆ ವ್ಯಾಪಾರಿ. ಸೈಕಲ್ಲಿಗೆ ಬಳೆಯ ಪೆಟ್ಟಿಗೆ ಕಟ್ಟಿ ಬಸ್ಸಿನ ಮೇಲೆ ಹೇರಿಕೊಂಡು ಕವಿತಾಳ, ದೇವದುರ್ಗದ ಸಂತೆಗಳಿಗೆ ಹೋಗಿ ಬರುತ್ತಿದ್ದ. ಬಳೆಗಿಂತ ಹೆಚ್ಚಾಗಿ ಸುದ್ದಿ ತರುತ್ತಿದ್ದ. ಒಂದು ಸಂಜೆ ದೇವದುರ್ಗದಿಂದ ಬಂದವನು ಕಾಲು ತೊಳೆಯುವ ಮೊದಲೇ ಹೇಳಿದ.

“ವಾಹಿದಾ ಕೀ ಅಮ್ಮಾ, ಅಲ್ಲೊಂದು ಮಿಲ್ಲಿನಾಗ ಅರ್ಧ ಹೆಣ್ಣಾಳು ತೆಗದಾರಂತ. ಒಬ್ಬಾಕಿಗೆ ಎರಡು ಜಿನ್ನು ಅಂತ. ನಿಮ್ಮ ಸಾವ್ಕಾರ ಮೊನ್ನೆ ಅಲ್ಲಿಗೆ ಹೋಗಿ ನೋಡ್ಕೊಂಡು ಬಂದಾರಂತ.”

“ನೋಡಿದ್ರ ನೋಡ್ಯಾರ. ಬಳಿ ಮಾರಾಕ ಹೋದಾವ ಬಳಿ ಮಾರು,” ಎಂದೆ.

ಬಾಯಿ ಹಾಗೆ ಅಂದಿತು. ಸುಳ್ಳು ಯಾಕೆ ಹೇಳಲಿ, ಹೆದರಿದ್ದೆ. ಬಳೆ ವ್ಯಾಪಾರ ಹಬ್ಬ ಇದ್ದಾಗ ಮಾತ್ರ ವ್ಯಾಪಾರ. ಮನೆ ನಡೆಯುತ್ತಿದ್ದದ್ದು ನನ್ನ ಪಗಾರದಿಂದ. ಅದಕ್ಕಿಂತ ದೊಡ್ಡದು, ಮಿಲ್ಲಿಗೆ ಹೋಗದ ದಿನ ನಾನು ಯಾರು ಎನ್ನುವುದು ನನಗೇ ಗೊತ್ತಾಗುತ್ತಿರಲಿಲ್ಲ. ಆ ವಾರವೆಲ್ಲ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ತೊಳೆದ ಪಾತ್ರೆಯನ್ನೇ ಮತ್ತೆ ಬೂದಿ ಹಾಕಿ ತಿಕ್ಕಿದೆ. ವಾಹಿದಾಳ ಜಡೆಯನ್ನು ಎಳೆದು ಹೆಣೆದೆ ಎಂದು ಅವಳು ಅತ್ತಳು. ಅಲ್ಲಾಬಕ್ಷ್ ಕೆಮ್ಮಿದರೂ ಅವನ ಮೇಲೆ ಹರಿಹಾಯ್ದೆ. ಪಾಪ, ಅವನು ‘ನಕ್ಕೋ ಬಾಬಾ’, ಬೇಡಪ್ಪಾ ಬೇಡ, ಎಂದು ಅಂಗಳದಲ್ಲಿ ಹೋಗಿ ಕೂತ.

ಮಿಲ್ಲಿನಲ್ಲಿ ಎಲ್ಲರದೂ ಅದೇ ಕಥೆ. ಅಂಜಿಕೆ ಬಂದಾಗ ಒಬ್ಬೊಬ್ಬರಿಗೆ ಒಂದೊಂದು ಬುದ್ಧಿ ಹುಟ್ಟುತ್ತದೆ. ವೆಂಕಮ್ಮ ಮಜ್ಜಿಗೆ ಮೆಣಸಿನಕಾಯಿ ಮಾಡಿ ಸಾವ್ಕಾರರ ಮನೆಗೆ ಕೊಟ್ಟುಬಂದಳು. ರಂಜಾನಬಿ ಮಿಲ್ಲಿನ ಭೋಂಗಾ ಕೂಗುವ ಮೊದಲೇ ಬಂದು ಗೇಟಿನಲ್ಲಿ ನಿಂತು, ತಾನು ನಿಂತಿದ್ದನ್ನು ಹುಸೇನಪ್ಪ ನೋಡಿದನೋ ಇಲ್ಲವೋ ಎಂದು ಕತ್ತು ಉದ್ದ ಮಾಡುತ್ತಿದ್ದಳು. ಯಾರೋ ದರ್ಗಾಕ್ಕೆ ಹರಕೆ ಹೊತ್ತರು. ಅತ್ತೆ ಸೊಸೆ ಒಂದೇ ಸಾಲಿನಲ್ಲಿದ್ದವರು ಮಾತು ಬಿಟ್ಟರು. ಇಬ್ಬರಲ್ಲಿ ಒಬ್ಬಳು ಹೋಗುವುದಾದರೆ ಪಕ್ಕದವಳ ಮುಖವನ್ನು ಹೇಗೆ ನೋಡುವುದು? ನಾನೂ ಅಮರಮ್ಮನ ಮುಖ ನೋಡುವುದನ್ನು ಬಿಟ್ಟಿದ್ದೆ. ಒಂದೆರಡು ಕೂಗು ಬಿಟ್ಟರೆ ಜಿನ್ನಿನ ಸದ್ದಿನಲ್ಲಿ ಮಾತಾಡುವುದು ಹೇಗೂ ಆಗುತ್ತಿರಲಿಲ್ಲ, ಆದರೂ ಮಾತು ಬಿಟ್ಟಂತೆ ಅನಿಸುತ್ತಿತ್ತು.

ಕೊನೆಗೆ ಮುಕಾದಮನನ್ನು ತಡೆದು ನಿಲ್ಲಿಸಿದವಳು ನಾನೇ. ಊಟದ ಹೊತ್ತು, ನೀರಿನ ತೊಟ್ಟಿಯ ಹತ್ತಿರ ನಾವೆಲ್ಲ ಬುತ್ತಿ ಬಿಚ್ಚಿ ಕೂತಿದ್ದೆವು. ಹುಸೇನಪ್ಪ ಕೆಟ್ಟವನಲ್ಲ. ಮೊಹರಮ್ಮಿಗೆ ಫಕೀರನಾಗಿ ನಮ್ಮ ಮನೆಗೇ ಬಂದು ಹಬ್ಬದ ಸಿಹಿ ಚೋಂಗೆ ತಿಂದು ಹೋಗುವವನು.

“ಹುಸೇನಣ್ಣಾ, ಖರೆ ಹೇಳು. ಯಾರನ್ನ ತೆಗಿಯಾಕತ್ತೀರಿ?”

ಅವನು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. “ನನಗ ಯಾಕ ಕೇಳ್ತೀರವ್ವಾ. ನೀವ ಮಾಡ್ಕೊಂಡದ್ದು.”

“ನಾವೇನು ಮಾಡೀವಿ?”

“ಸಾವ್ಕಾರ್ರು ಮ್ಯಾಲಿನ ಕಿಟಕ್ಯಾಗಿಂದ ದಿನಾ ನೋಡ್ತಾರ. ಒಬ್ಬಾಕಿ ಬಿಟ್ಟು ಹೋದ್ರ ಒಬ್ಬಾಕಿ ಎರಡೂ ನಡಸ್ತಾಳ. ಅರಳಿ ಕಮ್ಮಿ ಆಗಂಗಿಲ್ಲ, ಜಿನ್ನು ನಿಂದ್ರಂಗಿಲ್ಲ. ದೇವದುರ್ಗಕ್ಕ ಹೋಗಿ ಕಲಿಯೂದು ಏನೈತಿ, ನಮ್ಮ ಹೆಣ್ಮಕ್ಕಳ ಮಾಡಿ ತೋರಿಸ್ಯಾರ ಅಂದ್ರು. ನಾ ಏನು ಅನ್ನಲಿ?”

ಅವನು ಹೋದ ಮೇಲೆ ಯಾರೂ ತುತ್ತು ಎತ್ತಲಿಲ್ಲ. ನಾವು ಒಬ್ಬರಿಗೊಬ್ಬರು ಮಾಡಿಕೊಂಡ ಒಳ್ಳೆಯದನ್ನೇ ಅವರು ಕಿಟಕಿಯಿಂದ ನೋಡಿ ಕತ್ತಿ ಮಸೆದಿದ್ದರು. ನನಗೆ ಅಂಜಿಕೆ ಹೋಗಿ ಸಿಟ್ಟು ಬಂತು. ಸಿಟ್ಟು ಬಂದರೆ ನನಗೆ ಹಸಿವಾಗುತ್ತದೆ. ಒಂದು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡೇ ಹೇಳಿದೆ.

“ನಾಳಿಂದ ಯಾರೂ ಯಾರ ಮಗ್ಗುಲೂ ನೋಡಬ್ಯಾಡ್ರಿ. ಹೋಗಾಕಿ ಹಿಡಿಕಿ ಎಳದು ಹೋಗ್ಲಿ. ಬರೂತನಕ ಜಿನ್ನು ನಿಂತಿರಲಿ. ಅವರ ನಿಯಮ ಐತಲ್ಲ, ಅದನ್ನ ಪಾಲಸೋಣು. ಎಷ್ಟು ಮಂದಿ ಬೇಕು ಅಂತ ಅವಾಗ ತಿಳೀತದ ಅವರಿಗೆ.”

“ಹುಸೇನಪ್ಪ ಒದರ್ತಾನ,” ಎಂದಳು ವೆಂಕಮ್ಮ.

“ಒದರ್ಲಿ. ಅವನ ಗಂಟಲ.”

ಎಲ್ಲರೂ ಅಮರಮ್ಮನ ಕಡೆ ನೋಡಿದರು. ಜೋಳಿಗೆಯಲ್ಲಿ ಹಾಲುಕೂಸು ಇದ್ದವಳು ಸಾಲಿನಲ್ಲಿ ಅವಳೊಬ್ಬಳೇ. ಜಿನ್ನು ನಿಂತಷ್ಟೂ ಹೊತ್ತು ಬೈಗುಳ ತಿನ್ನಬೇಕಾದವಳು ಅವಳು. ಮೊದಲು ಹೊರಗೆ ಹಾಕುವುದಾದರೂ ಅವಳನ್ನೇ ಹಾಕುವರು. ಅದು ನನಗೆ ಆಡಿದ ಮೇಲೆ ಹೊಳೆಯಿತು, ನಾಲಿಗೆ ಕಚ್ಚಿಕೊಂಡೆ.

ಅಮರಮ್ಮ ತನ್ನ ಬುತ್ತಿಯ ರೊಟ್ಟಿಯ ಮೇಲೆ ಅಂಗೈ ಇಟ್ಟಳು. “ಆಣಿ ಮಾಡ್ರಿ,” ಎಂದಳು. ಅಷ್ಟೇ. ಅನ್ನ ಮುಟ್ಟಿ ಆಡಿದ ಮಾತಿಗೆ ನಮ್ಮಲ್ಲಿ ಹಿಂದೂ ಇಲ್ಲ, ಮುಸಲ್ಮಾನ ಇಲ್ಲ. ಒಬ್ಬೊಬ್ಬಳೇ ರೊಟ್ಟಿಯ ಮೇಲೆ ಕೈ ಇಟ್ಟೆವು.

ಮರುದಿನದಿಂದ ಮಿಲ್ಲಿನ ಸದ್ದೇ ಬೇರೆಯಾಯಿತು. ಇಲ್ಲೊಂದು ಜಿನ್ನು ನಿಲ್ಲುತ್ತಿತ್ತು, ಅಲ್ಲೊಂದು ಹೊರಡುತ್ತಿತ್ತು. ನೀರು ಕುಡಿಯಲು ಹೋದರೆ ನಿಂತಿತು, ನಮಾಜಿಗೆ ಹೋದರೆ ನಿಂತಿತು. ಹುಸೇನಪ್ಪ ಸಾಲಿನ ಆ ತುದಿಯಿಂದ ಈ ತುದಿಗೆ ಓಡಾಡಿ ಪಂಜೆಯ ಅಂಚೆಲ್ಲ ಅರಳೆ ಮಾಡಿಕೊಂಡ. ಸಂಜೆಗೆ ಅರಳೆಯ ರಾಶಿ ಅರ್ಧಕ್ಕೆ ಇಳಿದಿತ್ತು. ಗೇಟಿನಾಚೆ ಬಂಡಿಯವರು ಎತ್ತು ಬಿಚ್ಚಿ, ಒಲೆ ಹೂಡಿ, ಸಾವ್ಕಾರರಿಗೆ ಕೇಳುವಂತೆಯೇ ಬೈಯುತ್ತಿದ್ದರು.

ಆ ದಿನಗಳಲ್ಲಿ ನಾನು ಎಡಗೈಯನ್ನು ಎಷ್ಟು ಕಷ್ಟಪಟ್ಟು ತಡೆದು ಹಿಡಿದೆ ಎಂದು ನನಗೇ ಗೊತ್ತು. ಕೂಸು ಅತ್ತಾಗ ಅಮರಮ್ಮ ಹಿಡಿಕೆ ಎಳೆದು ಓಡುತ್ತಿದ್ದಳು. ಹುಸೇನಪ್ಪ ಅವಳ ಹಿಂದೆಯೇ ಹೋಗಿ ಬೇಗ ಬಾ ಎಂದು ಒದರುತ್ತಿದ್ದ. ಅವಳು ಕೂಸಿನ ಬಾಯಿ ಬಿಡಿಸಿ ಅರ್ಧಕ್ಕೇ ಬರುತ್ತಿದ್ದಳು. ಹಿಂದೆ ಕೂಸಿನ ಅಳು ಕೇಳುತ್ತಲೇ ಇರುತ್ತಿತ್ತು. ಬಂದವಳು ನನ್ನ ಕಡೆ ನೋಡುತ್ತಿರಲಿಲ್ಲ. ನನ್ನ ಮಾತಿನಿಂದ ಅವಳ ಕೂಸು ಹಸಿದಿದೆ ಎನ್ನುವುದು ಜಿನ್ನಿನ ಸದ್ದಿಗಿಂತ ಜೋರಾಗಿ ನನ್ನ ಕಿವಿಯಲ್ಲಿ ಇತ್ತು.

ಹೀಗೆ ನಡೆಯುತ್ತಿರುವಾಗ ಒಂದು ಮುಂಜಾನೆ ಸಾವ್ಕಾರರು ಮೇಲಿನಿಂದ ಇಳಿದು ಬಂದರು. ಬಿಳಿ ಧೋತರ, ಕೈಯಲ್ಲಿ ಬೆತ್ತ. ಅವರು ಒಳಗೆ ಕಾಲಿಟ್ಟಿದ್ದನ್ನು ಆ ಸುಗ್ಗಿಯಲ್ಲಿ ನಾವು ನೋಡಿರಲಿಲ್ಲ. ಸಾಲಿನುದ್ದಕ್ಕೂ ನಡೆದು ಬಂದು ಸರಿಯಾಗಿ ನನ್ನ ಬೆನ್ನ ಹಿಂದೆ ನಿಂತರು. ಈ ಎಲ್ಲ ತಲೆಹರಟೆ ಯಾರದು ಎಂದು ಅವರಿಗೆ ಯಾರೋ ಹೇಳಿದ್ದರು. ನಾನು ತಿರುಗಲಿಲ್ಲ. ಹತ್ತಿ ಹಾಕುತ್ತಾ ಹೋದೆ.

ಅಷ್ಟರಲ್ಲಿ ಬೇವಿನ ಗಿಡದ ಕಡೆಯಿಂದ ಕೂಸು ಚಿಟಾರೆಂದು ಕಿರುಚಿದ್ದು ಕೇಳಿಸಿತು. ಹಸಿವಿನ ಅಳುವಲ್ಲ ಅದು. ಹೆತ್ತವರಿಗೆ ಆ ಅಳು ಗೊತ್ತಾಗುತ್ತದೆ. ಅಮರಮ್ಮ ಕೈಯಲ್ಲಿದ್ದ ಹತ್ತಿಯನ್ನು ಅಲ್ಲೇ ಬಿಟ್ಟು ಓಡಿದಳು. ಹಿಡಿಕೆ ಎಳೆಯಲಿಲ್ಲ. ಅವಳು ಆಣೆ ಮರೆತಳು, ನಾನೂ ಮರೆತೆ. ಕೂಸಿಗೆ ಏನು ಕಚ್ಚಿತೋ ಎಂದು ನನ್ನ ಜೀವವೆಲ್ಲ ಬಾಗಿಲ ಕಡೆಗಿತ್ತು. ನನ್ನ ಎಡಗೈ ತಾನಾಗಿಯೇ ಮಗ್ಗುಲ ಜಿನ್ನಿಗೆ ಹೋಗಿತ್ತು. ಹಿಡಿಯ ಮೇಲೆ ಹಿಡಿ, ಹದವಾಗಿ, ಒಂದು ಗಂಟು ಕಟ್ಟದಂತೆ. ನನ್ನ ಕೈಗೆ ಅಷ್ಟು ಚೆನ್ನಾಗಿ ಬರುತ್ತಿತ್ತು ಆ ಕೆಲಸ. ಬೆನ್ನ ಹಿಂದೆ ನಗು ಕೇಳಿದಾಗಲೇ ನನಗೆ ಎಚ್ಚರವಾದದ್ದು.

ಸಾವ್ಕಾರರು ಬೆತ್ತ ಎತ್ತಿದರು. ಹುಸೇನಪ್ಪ ಓಡಿಹೋಗಿ ಮೋಟಾರು ಬಂದ್ ಮಾಡಿದ. ಇಡೀ ಸಾಲು ಒಮ್ಮೆಲೇ ನಿಂತಿತು.

“ಎಲ್ಲಾರೂ ನೋಡಿದ್ರಿಲ್ಲ?” ಎಂದರು. ಸಿಟ್ಟಿನಿಂದಲ್ಲ, ಖುಷಿಯಿಂದ. “ಸುಗ್ರಾ, ನಿನ್ನ ಕೈ ಭಾರಿ ಕೈ. ನಾ ಯಾವತ್ತಿದ್ರೂ ಹೇಳ್ತೀನಿ. ನಾಳಿಂದ ಇವೆರಡೂ ನಿನ್ನವು. ಪಗಾರ ಒಂದೂವರಿ ಪಟ್ಟು. ಈ ಮಿಲ್ಲು ಇರೂತನಕ ನಿನ್ನ ಯಾರೂ ಹೋಗು ಅನ್ನಂಗಿಲ್ಲ. ನನ್ನ ಮಾತು.”

ಸುಳ್ಳು ಹೇಳಲಾರೆ. ಆ ಮಾತು ಕಿವಿಗೆ ಬಿದ್ದಾಗ ಒಂದು ಗಳಿಗೆ ಎದೆ ಹಗುರಾಯಿತು. ಯಾರೂ ಹೋಗು ಅನ್ನುವುದಿಲ್ಲ! ಸಾಲಿನ ಹೆಂಗಸರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು. ರಂಜಾನಬಿಯ ಕಣ್ಣಲ್ಲಿ ನೀರಿತ್ತು. ನಾನು ಮಗ್ಗುಲಿಗೆ ನೋಡಿದೆ. ಅಮರಮ್ಮ ನಿಲ್ಲುವ ಹಲಗೆ, ಅವಳು ನಿಂತು ನಿಂತು ಸವೆದು ಎರಡು ಪಾದದ ಗುರುತು ಬಿದ್ದಿದ್ದ ಹಲಗೆ, ಬರಿದಾಗಿತ್ತು.

“ಸಾವ್ಕಾರ್ರ,” ಎಂದೆ, “ನನ್ನ ಕೈ ಅಲ್ಲಿಗಿ ಹೋಗೂದು ಅಕಿ ಹೊಳ್ಳಿ ಬರ್ತಾಳ ಅಂತ ಅಷ್ಟರಿ. ಅಕಿ ಬರಂಗಿಲ್ಲಂದ್ರ ಅದು ಯಾರದೋ ಜಿನ್ನು. ನನ್ನ ಕೈಗಿ ಅದರ ಪರಿಚಯ ಇಲ್ಲ.”

“ಅಂದ್ರ?”

“ಮೋಟಾರ ಹಚ್ಚಿಸ್ರಿ. ನೋಡ್ರಿ.”

ಅವರ ಮುಖದ ನಗು ಹೋಗಿತ್ತು. ನನ್ನನ್ನೇ ನೋಡುತ್ತಾ ಹುಸೇನಪ್ಪನಿಗೆ ಹಚ್ಚು ಎಂದು ಬೆತ್ತ ಆಡಿಸಿದರು. ಮೋಟಾರು ಗುಡುಗಿತು. ಎಲ್ಲ ಜಿನ್ನುಗಳೂ ಹೊರಟವು, ಅಮರಮ್ಮನದೂ. ನಾನು ಎರಡೂ ಕೈ ನನ್ನ ಜಿನ್ನಿಗೆ ಇಟ್ಟೆ. ಅವಳ ಜಿನ್ನು ಇದ್ದ ಹತ್ತಿಯನ್ನು ತಿಂದು ಮುಗಿಸಿತು. ಆಮೇಲೆ ಬರಿ ಉರುಳೆ ಪಟ್ಟಿಗೆ ಉಜ್ಜುವ ಸದ್ದು. ಹಾಗೆ ಬಿಟ್ಟುಕೊಂಡು ನಿಂತದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ತೊಗಲಿನ ವಾಸನೆ ಎದ್ದಿತು.

ಹುಸೇನಪ್ಪ ಹಿಡಿಕೆಯ ಕಡೆ ಬಂದ. ಸಾವ್ಕಾರರು ಬೆತ್ತ ಅಡ್ಡ ಹಿಡಿದರು. ನಾನು ಸೋಲುತ್ತೇನೆಂದು ಅವರ ಲೆಕ್ಕ. ಬೆಂಕಿಯ ಅಂಜಿಕೆಗೆ ನನ್ನ ಕೈ ಹೋಗಿಯೇ ಹೋಗುತ್ತದೆ ಎಂದು. ಸಾಲಿನಲ್ಲಿ ಒಬ್ಬಳೂ ಅಲುಗಲಿಲ್ಲ. ಎಲ್ಲರೂ ಅವರವರ ಜಿನ್ನಿಗೆ ಹತ್ತಿ ಹಾಕುತ್ತಾ, ಕಣ್ಣು ಮಾತ್ರ ಇತ್ತ ಇಟ್ಟು ನಿಂತಿದ್ದರು. ಪಟ್ಟಿಯ ಕೆಳಗಿನಿಂದ ನೂಲಿನಷ್ಟು ಸಣ್ಣ ಹೊಗೆ ಎದ್ದಿತು. ಮೂಗಿಗೆ ಘಾಟು ಬಡಿಯಿತು. ನಾನು ನನ್ನ ಹತ್ತಿಯನ್ನು ನೋಡುತ್ತಿದ್ದೆ.

ಕೊನೆಗೆ ಸಾವ್ಕಾರರೇ ಅಮರಮ್ಮನ ಹಲಗೆಯ ಮೇಲೆ ಕಾಲಿಟ್ಟು, ಬೆತ್ತವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಎರಡೂ ಕೈಯಿಂದ ಹಿಡಿಕೆ ಎಳೆದರು. ರೂಢಿ ಇಲ್ಲದ ಕೈ. ಮೊದಲ ಸಲ ಬರಲಿಲ್ಲ, ಎರಡನೆಯ ಸಲ ಜೋತುಬಿದ್ದು ಎಳೆದರು. ಜಿನ್ನು ನಿಂತಿತು. ಅವರ ಬಿಳಿ ಧೋತರಕ್ಕೆ, ಮೀಸೆಗೆ ಅರಳೆ ಹತ್ತಿತ್ತು. ಯಾರೂ ನಗಲಿಲ್ಲ.

ಅದೇ ಹೊತ್ತಿಗೆ ಅಮರಮ್ಮ ಸೆರಗು ಸರಿ ಮಾಡಿಕೊಳ್ಳುತ್ತಾ ಬಂದಳು. ಜೋಳಿಗೆಗೆ ಕೆಂಜಿಗ ಹತ್ತಿದ್ದವಂತೆ. ಒಂದೊಂದೇ ಬಿಡಿಸಿ, ಮೊಲೆ ಕೊಟ್ಟು, ಮಲಗಿಸಿ ಬಂದಿದ್ದಳು. ಮೋಟಾರು ನಿಂತದ್ದಾಗಲಿ, ಮಾತಾದದ್ದಾಗಲಿ ಅವಳಿಗೆ ಒಂದೂ ತಿಳಿಯದು. ತನ್ನ ಜಾಗದಲ್ಲಿ ಬಿಳಿ ಧೋತರದ ಬೆನ್ನು ನಿಂತಿದೆ. ಯಾರು ಎತ್ತ ಎಂದು ನೋಡುವ ಗೊಡವೆಗೇ ಹೋಗದೆ ರೂಢಿಯಂತೆ ಮೊಣಕೈಯಿಂದ ಮೆಲ್ಲಗೆ ತಳ್ಳಿದಳು.

“ಸರಿ, ನಂದು ಜಾಗಾ.”

ಸಾವ್ಕಾರರು ತಿರುಗಿ ನೋಡಿದರು. ಅಮರಮ್ಮನಿಗೆ ಆಗ ಯಾರೆಂದು ತಿಳಿಯಿತು. ಅವರು ಅವಳನ್ನು ನೋಡಿದರು, ನನ್ನನ್ನು ನೋಡಿದರು, ಹಲಗೆಯ ಮೇಲಿನ ಸವೆದ ಪಾದದ ಗುರುತು ನೋಡಿದರು. ಆಮೇಲೆ ಸರಿದು ಕೆಳಗಿಳಿದರು.

ಅಮರಮ್ಮ ಹಲಗೆ ಹತ್ತಿದಳು. ಉರುಳೆಯನ್ನು ಮುಟ್ಟಿ ನೋಡಿ, “ಯವ್ವಾ, ಎಷ್ಟು ಕಾದದ!” ಎಂದು ನನ್ನ ಮೇಲೇ ಕಣ್ಣು ಬಿಟ್ಟಳು. ಅದು ಆರುವವರೆಗೆ ಕಾದು, ಹಿಡಿಕೆ ತಳ್ಳಿ, ಹತ್ತಿ ಹಾಕತೊಡಗಿದಳು.

ಸಂಜೆಯ ಭೋಂಗಾ ಆಗುವ ಮೊದಲೇ ಹುಸೇನಪ್ಪ ಸಾಲಿನ ನಡುವೆ ನಿಂತು, ಈ ಸುಗ್ಗಿಯಲ್ಲಿ ಯಾರನ್ನೂ ತೆಗೆಯುವುದಿಲ್ಲವಂತೆ, ಆ ಮಾತು ಇಲ್ಲಿಗೇ ಬಿಡಿ ಎಂದು ಸಾವ್ಕಾರರು ಹೇಳಿದ್ದಾರೆ ಎಂದ. ಮಾತು ಎತ್ತಿದವರೂ ಬಿಟ್ಟವರೂ ಅವರೇ, ನಾವಲ್ಲ, ಎಂದು ನಾನು ಅವನಿಗೆ ತಿದ್ದಿ ಹೇಳಿದೆ. ಮುಂದಿನ ಸುಗ್ಗಿಯಲ್ಲೂ ಅವರು ಆ ಮಾತು ಎತ್ತಲಿಲ್ಲ. ಅದರ ಮುಂದಿನದರಲ್ಲೂ. ಆಮೇಲೆ ಏನೇನೋ ಆಯಿತು, ಹೊಸ ಯಂತ್ರಗಳು ಬಂದವು, ಅದು ಬೇರೆ ಮಾತು. ಆದರೆ ‘ನೀವೇ ಮಾಡಿ ತೋರಿಸಿದ್ದೀರಿ’ ಎಂದು ಯಾರೂ ನಮಗೆ ಮತ್ತೆ ಅನ್ನಲಿಲ್ಲ.

ಸಾವ್ಕಾರರು ಹಿಡಿಕೆ ಎಳೆದ ಆ ದಿನ ಸಂಜೆ ಅಲ್ಲಾಬಕ್ಷ್ ಮಾನ್ವಿಯ ಕಡೆಯಿಂದ ಬಂದಾಗ ನಾನು ಬಿಸಿ ರೊಟ್ಟಿ ಮುಂದಿಟ್ಟುಕೊಂಡು ಹೊಟ್ಟೆ ತುಂಬ ಉಣ್ಣುತ್ತಿದ್ದೆ. ಇವತ್ತು ಏನು ಸುದ್ದಿ ಎಂದು ಅವನು ಕೇಳಿದ. ಇವತ್ತು ಸುದ್ದಿ ನನ್ನ ಹತ್ತಿರ ಇದೆ, ಕೂತು ಕೇಳು ಎಂದೆ.

ಮರುದಿನ ಮಧ್ಯಾಹ್ನ ಕೂಸು ಅತ್ತಿತು. ಬರಿ ಹಸಿವಿನ ಅಳು. ಅಮರಮ್ಮನ ಕೈ ಹಿಡಿಕೆಯ ಕಡೆಗೆ ಹೋಯಿತು, ಅಲ್ಲೇ ನಿಂತಿತು. ಅಷ್ಟು ದಿನಗಳ ಮೇಲೆ ಅವಳು ಸಿಟ್ಟಿಲ್ಲದೆ ನನ್ನ ಮುಖ ನೋಡಿದಳು. ಆಣೆಯ ಕೆಲಸ ಮುಗಿದಿತ್ತು, ನಾನು ಎಡಗೈಯಿಂದ ಅವಳ ಜಿನ್ನಿಗೆ ಹತ್ತಿ ಹಾಕಿದೆ. ಅವಳು ಹೋದಳು. ಮೇಲಿನ ಕಿಟಕಿ ತೆರೆದೇ ಇತ್ತು, ಅಲ್ಲಿ ಬಿಳಿ ಧೋತರ ಕಾಣುತ್ತಿತ್ತು. ನೋಡಲಿ, ಇವಳು ತಿರುಗಿ ಬರುವವಳು, ಎಂದುಕೊಂಡು ಹಿಡಿಹಿಡಿಯಾಗಿ ಎರಡೂ ಜಿನ್ನಿಗೆ ಹತ್ತಿ ಹಾಕುತ್ತಾ ನಿಂತೆ. ಕೂಸು ಆ ದಿನ ಹೊಟ್ಟೆ ತುಂಬ ಕುಡಿಯಿತು.